ದಿಮ್ಮಿ ಹಲಗೆಯಾಗುವ ಹೊತ್ತು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಯಾವ ಊರಿನ ಸಾಮಿಲ್ಲಿಗೆ ಹೋದರೂ ಅಂಗಳದಲ್ಲಿ ಈ ಸೀಮೆಯ ಹೊಲ, ತೋಟ, ಬದುಗಳೇ ದಿಮ್ಮಿಯಾಗಿ ಮಲಗಿರುತ್ತವೆ. ಕೆಂಪು ತಿರುಳಿನ ಬೇವು, ಗಂಟುಗಂಟಿನ ಹುಣಸೆ, ಮುಳ್ಳು ಸವರಿದ ಜಾಲಿ. ಬರಗಾಲದಲ್ಲಿ ಬೋರ್‌ವೆಲ್ ಬತ್ತಿ ಸುಳಿ ಒಣಗಿದ ತೆಂಗೂ ಟ್ರ್ಯಾಕ್ಟರ್ ಏರಿ ಇಲ್ಲಿಗೇ ಬರುತ್ತದೆ. ಮಗುವಿನಂತೆ ಸಾಕಿದ ಮರ ಕೊಟ್ಟಿಗೆಯ ತೊಲೆಯಾಗಿಯಾದರೂ ಮನೆಗೆ ಮರಳಲಿ ಎಂಬ ಆಸೆ ರೈತನದು.

ಕೊಯ್ಯುವ ಮೊದಲು ಮಿಸ್ತ್ರಿ ದಿಮ್ಮಿಗೆ ಒಂದು ಸುತ್ತು ಬರುತ್ತಾನೆ. ತೊಗಟೆ ಹೆರೆಯುತ್ತಾನೆ, ಅಂಗೈಯಲ್ಲಿ ಸವರುತ್ತಾನೆ, ಕಡಿದ ತುದಿಯನ್ನು ಬಗ್ಗಿ ನೋಡುತ್ತಾನೆ. ಅಲ್ಲಿ ಕಪ್ಪು ನೀಲಿ ಕಲೆ ಕಂಡರೆ, "ಯಜಮಾನ್ರೇ, ಇದ್ರಾಗೆ ಕಬ್ಬಿಣ ಐತೆ" ಅನ್ನುತ್ತಾನೆ. ಕಬ್ಬಿಣಕ್ಕೆ ಮರದ ಒಗರು ತಾಗಿದಲ್ಲಿ ಇಂಥ ಕಲೆ ಏಳುತ್ತದೆ. ದೆವ್ವ ಬಿಡಿಸಿ ಹೊಡೆದ ಮೊಳೆಯೋ, ಬದುವಿನ ಮುಳ್ಳುತಂತಿಯೋ, ರಸ್ತೆ ಬದಿಯ ಬೋರ್ಡಿನ ಆಣಿಯೋ ಮರ ಬೆಳೆಯುತ್ತಾ ನುಂಗಿಕೊಂಡಿರುತ್ತದೆ. ಓಡುವ ಬ್ಲೇಡಿಗೆ ಅದು ಸಿಕ್ಕರೆ ಹಲ್ಲು ಹಾರುತ್ತದೆ, ಬ್ಲೇಡೇ ತುಂಡಾಗಬಹುದು.

ಎರಡು ಚಕ್ರ, ಅವುಗಳ ಮೇಲೆ ಓಡುವ ಒಂದು ಹಲ್ಲಿನ ಪಟ್ಟಿ. ಸಾಮಿಲ್ಲಿನ ಬ್ಯಾಂಡ್ ಸಾ ಯಂತ್ರ ಅಂದರೆ ಇಷ್ಟೇ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1808ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಪಟ್ಟಿಯ ಎರಡು ತುದಿ ಸೇರಿಸಿದ ಬೆಸುಗೆ ಚಕ್ರದ ಮೇಲೆ ಬಾಗಿ ಬಾಗಿ ಬಿಟ್ಟುಕೊಳ್ಳುತ್ತಿತ್ತು. ಗಟ್ಟಿ ಬೆಸುಗೆಯ ದಾರಿಗೆ 1846ರಲ್ಲಿ ಪೇಟೆಂಟ್ ಪಡೆದವಳು ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬ ಹೆಣ್ಣುಮಗಳು. ಇಂದಿಗೂ ಬ್ಲೇಡು ಏರಿಸುವ ಮುನ್ನ ಮೊದಲು ನೋಡಬೇಕಾದದ್ದು ಆ ಬೆಸುಗೆಯನ್ನೇ.

ನಮ್ಮ ವೆಲ್ಡಿಂಗ್ ಶಾಪಿನ ಕೈಗಳಿಗೆ ಈ ಯಂತ್ರ ಕಟ್ಟುವುದು ಕಷ್ಟವಲ್ಲ. ಮನೆಯಲ್ಲೇ ಕಟ್ಟುವ ಯಂತ್ರದಲ್ಲಿ ದಿಮ್ಮಿ ಅಲುಗದೆ ಮಲಗಿರುತ್ತದೆ, ಅಡ್ಡಲಾಗಿ ಕೂತ ಗರಗಸವೇ ಹಳಿಯ ಮೇಲೆ ದಿಮ್ಮಿಯ ಉದ್ದಕ್ಕೂ ಸಾಗುತ್ತದೆ. ಹಳಿಗೆ ಆ್ಯಂಗಲ್, ಚೌಕಟ್ಟಿಗೆ ಚಾನೆಲ್. ಚಕ್ರಕ್ಕೆ ಹಳೆಯ ಕಾರಿನ ಟೈರು, ರಿಮ್ಮನ್ನೇ ಬಳಸುವವರು ಜಗತ್ತಿನ ಎಲ್ಲೆಡೆ ಇದ್ದಾರೆ. ಎರಡೂ ಚಕ್ರ ಒಂದೇ ನೇರಕ್ಕೆ ನಿಲ್ಲಬೇಕು. ಕೂದಲೆಳೆ ವಾಲಿದರೂ ಬ್ಲೇಡು ಜಾರುತ್ತದೆ. ಬ್ಲೇಡಿನ ಗೈಡು ದಿಮ್ಮಿಗೆ ಆದಷ್ಟು ಹತ್ತಿರವಿದ್ದರೆ ಹಲಗೆ ಅಲೆಯೇಳದೆ ಸಮನಾಗಿ ಬರುತ್ತದೆ.

ಕಟ್ಟುವವರು ಮರೆಯುವುದು ಕವಚವನ್ನು. ಮರ ಕೊಯ್ಯುವಷ್ಟು ಜಾಗ ಬಿಟ್ಟು ಚಕ್ರ, ಬ್ಲೇಡು, ಬೆಲ್ಟು ಎಲ್ಲಕ್ಕೂ ದಪ್ಪ ತಗಡಿನ ಮುಚ್ಚಳ ಬೇಕು. ಬ್ಲೇಡು ಓಡುವ ನೇರಕ್ಕೆ ಯಾರೂ ನಿಲ್ಲಬಾರದು. ಲುಂಗಿ, ಹೆಗಲ ಟವೆಲ್ಲು ದೂರವಿರಲಿ. ಬ್ಲೇಡು ಬಿಚ್ಚಿ ಸುತ್ತುವಾಗ ಚರ್ಮದ ಗವಸು ಬೇಕು. ಓಡುವ ಬ್ಲೇಡಿನ ಬಳಿ ಅದೇ ಗವಸು ಕೈಯನ್ನು ಎಳೆದುಕೊಳ್ಳುತ್ತದೆ. ದಿಮ್ಮಿ ಬಿಗಿದುಕೊಂಡು ಬ್ಲೇಡು ಸಿಕ್ಕಿದರೆ ಮೋಟಾರ್ ಆರಿಸಿ, ಚಕ್ರ ಪೂರ್ತಿ ನಿಂತ ಮೇಲೆ ಬೆಣೆ ಹೊಡೆಯಬೇಕು.

ನಮ್ಮ ಹಳ್ಳಿಗಳಿಗೆ ಇನ್ನೊಂದು ಮಾತು ಹೇಳಲೇಬೇಕು. ತ್ರೀ ಫೇಸ್ ಕರೆಂಟು ಹೋಗಿ ಬರುತ್ತಿರುತ್ತದೆ. ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರನ್ನು ಇಲ್ಲಿಗೆ ತಂದು ಹಾಕಬೇಡಿ. ಕೈ ಒಳಗಿರುವಾಗ ಕರೆಂಟು ಬಂದರೆ ಯಂತ್ರ ತಾನಾಗಿ ತಿರುಗಲು ಶುರುವಾಗುತ್ತದೆ. ಗುಂಡಿ ಒತ್ತಿದರೆ ಮಾತ್ರ ಚಾಲೂ ಆಗುವ ಸ್ಟಾರ್ಟರ್ ಇರಲಿ, ಅರ್ಥಿಂಗ್ ಸರಿಯಿರಲಿ. ಹೊಟ್ಟಿನ ರಾಶಿಯ ಬಳಿ ಬೀಡಿ ಹಚ್ಚುವುದು ಬೇಡ.

ಕಾನೂನೂ ಒಂದು ಕವಚವೇ. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದಿಂದ ದೇಶದಾದ್ಯಂತ ಸಾಮಿಲ್ಲುಗಳ ಮೇಲೆ ಹಿಡಿತ ಬಿಗಿಯಾಯಿತು. ತೋಟದ ಮೂಲೆಯಲ್ಲಿ ಯಂತ್ರ ಹೂಡುವ ಮುನ್ನ ಅರಣ್ಯ ಇಲಾಖೆಯ ಬಾಗಿಲು ತಟ್ಟಬೇಕು, ಪರವಾನಗಿಯ ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ಚಿತ್ರದುರ್ಗದ ಜೋಗಿಮಟ್ಟಿಯಂಥ ಕುರುಚಲು ಕಾಡನ್ನು ಇಷ್ಟಾದರೂ ಉಳಿಸಿಕೊಳ್ಳಬೇಕಾದ ಬಯಲುಸೀಮೆಗೆ ಈ ಬಿಗಿ ಅಗತ್ಯ.

ಕಟ್ಟುವ ಕಸುಬು ನಮ್ಮ ಮಿಸ್ತ್ರಿಗಳಿಗೆ ಗೊತ್ತಿದೆ. ಆ ಕಸುಬು ಹತ್ತೂ ಬೆರಳಿನೊಂದಿಗೆ ಮುಪ್ಪಿನವರೆಗೂ ಉಳಿಯಬೇಕು. ಆದ್ದರಿಂದ ಮೋಟಾರಿನ ಬೆಲೆಗಿಂತ ಮೊದಲು, ಎಸ್ಟಿಮೇಟಿನ ಮೊದಲ ಸಾಲಿನಲ್ಲೇ, ಕವಚದ ತಗಡಿನ ಲೆಕ್ಕ ಬರೆಯಿರಿ.