ರೊಕ್ಕ ಬೇಡ, ಆ್ಯಪ್ ಬೇಡ, ಕಿವಿ ಇದ್ರ ಸಾಕು: ಏನಿದು ಆಡಿಯೋ ‘ಎಸ್ಕೇಪ್ ರೂಮ್’?

ವಿಜಯಪುರ: ‘ಆನ್‌ಲೈನ್ ಗೇಮ್’ ಅಂದ ಕೂಡಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಮನಿಗಳಾಗ ಮೊದಲು ಬರೋ ಪ್ರಶ್ನೆ ಒಂದೇ: ‘ರೊಕ್ಕ ಎಷ್ಟು ಹೋತು?’ ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳ ಕಾಟ ಕಂಡ ಅಂಗಡಿಕಾರರು, ತಂದೆ ತಾಯಿ ಹಂಗ ಕೇಳೋದರಲ್ಲಿ ತಪ್ಪೇನಿಲ್ಲ. ಆದರೆ ಹುಡುಗ ರಾತ್ರಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು, ಸ್ಕ್ರೀನ್ ಆರಿಸಿ, ‘ಆ ಬಲ್ಬು ಬಿಸಿ ಐತೇನು? ಕಾಗದ ಅದರ ಹತ್ರ ಹಿಡಿ’ ಅಂತ ದೋಸ್ತರ ಜೊತೆ ಮಾತಾಡ್ತಿದ್ದರೆ ಗಾಬರಿ ಬೇಡ. ಅವ ಆಡ್ತಿರೋದು ಬಹುಶಃ ಆಡಿಯೋ ಎಸ್ಕೇಪ್ ರೂಮ್.

ಸರಳವಾಗಿ ಹೇಳಬೇಕಂದ್ರ ಇದು ಫೋನಿನಾಗ ಆಡೋ ಒಗಟಿನ ಕತಿ. ಮೂರ್ನಾಲ್ಕು ಗೆಳೆಯರು ಗ್ರೂಪ್ ಕಾಲ್‌ನಲ್ಲಿ ಸೇರ್ತಾರೆ. ಒಬ್ಬ ಆಟ ನಡೆಸುವವ. ‘ಬಾಗಿಲು ಮುಚ್ಚಿದ ಕೋಣೆಯೊಳಗೆ ಸಿಕ್ಕೊಂಡೀರಿ’ ಅಂತ ಶುರು ಮಾಡಿ, ಒಳಗೆ ಏನೇನಿದೆ ಅನ್ನೋದನ್ನ ಬಾಯಿಂದ ಹೇಳ್ತಾನೆ. ಉಳಿದವರು ಕೇಳ್ತಾ ಹೋಗಬೇಕು. ಗೋಡೆ ಮ್ಯಾಲೆ ಏನೈತಿ? ಟೇಬಲ್ ಕೆಳಗೆ? ಆ ಡಬ್ಬಿ ಅಲುಗಾಡಿಸಿದರ ಸಪ್ಪಳ ಬರ್ತದೇನು? ಕೇಳದೇ ಇದ್ದದ್ದು ಸಿಗೋದಿಲ್ಲ. ಸುಳಿವುಗಳನ್ನ ಜೋಡಿಸಿ ಬೀಗದ ನಂಬರ್ ಕಂಡುಹಿಡಿದರೆ ಹೊರಗೆ.

ಈ ಆಟದ ಬೇರು ಜಪಾನ್‌ದಲ್ಲಿದೆ. 2004ರಲ್ಲಿ ತೊಶಿಮಿತ್ಸು ತಕಾಗಿ ಎಂಬುವರು ‘ಕ್ರಿಮ್ಸನ್ ರೂಮ್’ ಎಂಬ ಕಂಪ್ಯೂಟರ್ ಆಟ ಮಾಡಿದ್ದರು. 2007ರಲ್ಲಿ ಕ್ಯೋಟೋ ನಗರದಲ್ಲಿ ತಕಾವೊ ಕಾಟೊ ಅವರ ಸ್ಕ್ರಾಪ್ ಸಂಸ್ಥೆ ಜನರನ್ನ ನಿಜವಾದ ಕೋಣೆಯಲ್ಲಿ ಕೂಡಿಹಾಕಿ ಆಡಿಸಿತು. ಇಂಥ ಕೋಣೆ ಈಗ ಬೆಂಗಳೂರಿನಲ್ಲೂ ಇವೆ, ಒಬ್ಬೊಬ್ಬರಿಗೆ ನೂರಾರು ರೂಪಾಯಿ ಟಿಕೆಟ್ಟು. ಕೋಣೆಯೇ ಬೇಡ, ಮಾತೇ ಸಾಕು ಅಂತ ತೋರಿಸಿಕೊಟ್ಟವರಲ್ಲಿ ಆಸ್ಟ್ರೇಲಿಯಾದ ಡ್ಯಾನಿ ಸಿಲ್ಲರ್, ಬಿಲ್ ಸಂಡರ್‌ಲ್ಯಾಂಡ್ ಪ್ರಮುಖರು. 2017ರಲ್ಲಿ ಶುರುವಾದ ಅವರ ‘ಎಸ್ಕೇಪ್ ದಿಸ್ ಪಾಡ್‌ಕಾಸ್ಟ್’ನಲ್ಲಿ ಡ್ಯಾನಿ ಕೋಣೆ ವರ್ಣಿಸ್ತಾರೆ, ಅತಿಥಿಗಳು ಬಿಡಿಸ್ತಾರೆ. ಬೇರೆಯವರೂ ಗೆಳೆಯರ ಜೊತೆ ಆಡಲಿ ಅಂತ ಆ ಕೋಣೆಗಳ ಬರಹವನ್ನೂ ಹೊರಗೆ ಬಿಟ್ಟಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ನಿಜವಾದ ಕೋಣೆಗಳಿಗೆ ಬೀಗ ಬಿದ್ದಾಗ ಆನ್‌ಲೈನ್ ಆಟಕ್ಕೆ ಇನ್ನಷ್ಟು ಜನ ತಿರುಗಿದರು.

ಕತೆ ವೈಜ್ಞಾನಿಕ ಕಲ್ಪನೆಯದ್ದಾದರೆ ಆಟ ಇನ್ನೂ ರಂಗೇರ್ತದೆ. ಸಿನಿಮಾದಲ್ಲಿ ಬಾಹ್ಯಾಕಾಶ ನೌಕೆ ತೋರಿಸಲಿಕ್ಕೆ ಕೋಟಿ ಬೇಕು, ಬಾಯಿಂದ ಹೇಳಲಿಕ್ಕೆ ಪೈಸೆ ಬೇಡ. ನೌಕೆಯ ಬಾಗಿಲು ತೆಗೆದು ಓಡಿಹೋಗಲಿಕ್ಕೆ ಯಾಕೆ ಆಗೋದಿಲ್ಲ ಅಂತ ಯಾರೂ ಕೇಳೋದಿಲ್ಲ, ಹೊರಗೆ ಗಾಳಿಯೇ ಇಲ್ಲ. ಒಳಗಿನ ಆಮ್ಲಜನಕ ಮುಗಿಯೋದ್ರೊಳಗೆ ಬಿಡಿಸಬೇಕು ಅಂದ್ರೆ ಗಡಿಯಾರವೂ ತಯಾರಾತು. ನಮ್ಮ ಕಡೆ ಇನ್ನೊಂದು ಅನುಕೂಲ ಐತಿ. ನಡುವೆ ಕಾಲ್ ಕಟ್ಟಾದರೆ ‘ನೌಕೆಯ ಸಿಗ್ನಲ್ ಹೋಗಿತ್ತು’ ಅಂದುಬಿಟ್ಟರೆ ಅದೂ ಕತೆಯ ಭಾಗವೇ.

ಆ ಬಿಸಿ ಬಲ್ಬಿನ ಕತೆಯನ್ನೇ ಉದಾಹರಣೆಗೆ ನೋಡಿ. ಇಸವಿ 2125. ಆಲಮಟ್ಟಿ ಅಣೆಕಟ್ಟೆಯ ತಳದಲ್ಲೊಂದು ಕಂಟ್ರೋಲ್ ರೂಮ್. ಯಂತ್ರವೊಂದು ಬಾಗಿಲು ಜಡಿದು, ನಾಲ್ಕು ಅಂಕಿಯ ನಂಬರ್ ಕೇಳ್ತಿದೆ. ಗೋಡೆ ಮ್ಯಾಲೆ 26 ಸಣ್ಣ ದೀಪ, ಅಣೆಕಟ್ಟೆಯ 26 ಗೇಟಿಗೆ ಒಂದೊಂದು. ಟೇಬಲ್ ಮ್ಯಾಲೆ ಖಾಲಿ ಕಾಗದ. ಕೋಣೆ ತುಂಬ ಎಲ್‌ಇಡಿ ಬೆಳಕು, ಮೂಲೆಯಲ್ಲಿ ಮಾತ್ರ ಹಳೇ ಕಾಲದ ತಂತಿಯ ಬಲ್ಬು. ‘ಕಾಗದ ಮೂಸಿ ನೋಡಿದರೆ?’ ಅಂತ ಯಾರಾದರೂ ಕೇಳಿದರೆ ಮಾತ್ರ ಉತ್ತರ: ‘ಲಿಂಬಿಹಣ್ಣಿನ ವಾಸನೆ.’

ಇಂಡಿ ಕಡೆಯವ ಇದ್ದರೆ ಇಲ್ಲಿ ಕಿವಿ ನಿಮಿರಬೇಕು. ಲಿಂಬಿ ರಸದಲ್ಲಿ ಬರೆದದ್ದು ಒಣಗಿದ ಮ್ಯಾಲೆ ಕಾಣೋದಿಲ್ಲ, ಬಿಸಿ ತಾಗಿದರೆ ರಸ ಕಾಗದಕ್ಕಿಂತ ಮೊದಲು ಕಂದಾಗ್ತದೆ, ಅಕ್ಷರ ಮೂಡ್ತದೆ. ಎಲ್‌ಇಡಿ ದೀಪದ ಬಿಸಿ ಅದಕ್ಕೆ ಸಾಲೋದಿಲ್ಲ, ತಂತಿಯ ಬಲ್ಬೇ ಬೇಕು. ಕಾಗದ ಹಿಡಿದಾಗ ಮೂಡೋ ಸಾಲು: ‘ಉರಿಯೂದನ್ನ ಎಣಿಸಬ್ಯಾಡ.’ ಅಂದ್ರೆ ಆರಿದ ದೀಪ ನೋಡಬೇಕು. ಆರಿದ್ದು ಮೂರು: 4ನೇದು, 9ನೇದು, 17ನೇದು. ಬೀಗಕ್ಕೆ 4917. ಕೇಳಲಿಕ್ಕೆ ಸಣ್ಣದು ಅನ್ನಿಸಿದರೂ ನಾಲ್ಕು ಜನ ಸೇರಿ ವಾದ ಮಾಡ್ತಾ ಬಿಡಿಸಲಿಕ್ಕೆ ಕಾಲು ತಾಸು ಬೇಕಾಗ್ತದೆ.

ಇಂಗ್ಲಿಷ್ ಕೋಣೆಗಳನ್ನ ಹಂಗೇ ಕನ್ನಡಕ್ಕೆ ಇಳಿಸೋದು ಕಷ್ಟ. ಸ್ಪೆಲಿಂಗ್ ಮ್ಯಾಲೆ ನಿಂತ ಒಗಟು ಕನ್ನಡದಲ್ಲಿ ಬಿದ್ದುಹೋಗ್ತದೆ. ಅದಕ್ಕೇ ಸ್ವಂತದ್ದು ಕಟ್ಟೋದು ಪಾಡು. ಕಾಗುಣಿತವೇ ಒಳ್ಳೆ ಬೀಗ, ಅಜ್ಜಿ ಹೇಳೋ ಒಡಪು ಇನ್ನೂ ಒಳ್ಳೇದು. ಆಟ ನಡೆಸುವವ ಕುಕ್ಕರ್ ಸೀಟಿ, ಬಸ್ಸಿನ ಹಾರ್ನ್ ರೆಕಾರ್ಡ್ ಮಾಡಿ ಕೇಳಿಸಿ ‘ಎಷ್ಟು ಸಲ ಹೊಡೀತು?’ ಅನ್ನಬಹುದು. ಆಕಾಶವಾಣಿ ಧಾರವಾಡದ ನಾಟಕ ಕೇಳಿ ಬೆಳೆದ ಹಿರಿಯರನ್ನ ಒಮ್ಮೆ ಕೂಡಿಸಿಕೊಂಡು ನೋಡಿ, ಸಪ್ಪಳ ಹಿಡಿಯೋದರಲ್ಲಿ ಅವರು ಹುಡುಗರಿಗಿಂತ ಮುಂದಿರಬಹುದು.

ಕಣ್ಣು ಕಾಣದವರಿಗೂ ಇಲ್ಲಿ ಸಮಾನ ಜಾಗ. ನೋಡಲಿಕ್ಕೆ ಚಿತ್ರವೇ ಇಲ್ಲದ ಮ್ಯಾಲೆ ಎಲ್ಲರೂ ಕಿವಿಯನ್ನೇ ನಂಬಬೇಕು. 1997ರಲ್ಲೇ ಜಪಾನ್‌ದ ಕೆಂಜಿ ಎನೊ ಅವರು ಅಂಧರೂ ಆಡಲಿ ಅಂತ ಚಿತ್ರವಿಲ್ಲದ, ಬರೀ ಧ್ವನಿಯ ವಿಡಿಯೋ ಗೇಮ್ ತಂದಿದ್ದರು.

ಇನ್ನು ರೊಕ್ಕದ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡೋ ಆಟಗಳನ್ನ ನಿಷೇಧಿಸಿದೆ. ಅಂಥ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ದೋಸ್ತರು ಫೋನಿನಾಗ ಕತೆ ಬಿಡಿಸೋದಕ್ಕೂ ಅದಕ್ಕೂ ಸಂಬಂಧವಿಲ್ಲ, ಇಲ್ಲಿ ಬಾಜಿಯೇ ಇಲ್ಲ. ಹಾಗಂತ ‘ಎಸ್ಕೇಪ್ ರೂಮ್’ ಹೆಸರಿನಲ್ಲಿ ಬಂದ ಪ್ರತಿ ಲಿಂಕ್ ಒತ್ತಬೇಡಿ. ‘ಕೋಣೆ ತೆರೆಯಲು 99 ರೂಪಾಯಿ ಹಾಕಿ’, ‘ಗೆದ್ದರೆ ಡಬಲ್’, ‘ಓಟಿಪಿ ಹೇಳಿ’ ಅಂತ ಬಂತಂದ್ರ ಅಲ್ಲಿಗೇ ಬಿಡಬೇಕು. ಹಣ ಹೋಗಿದ್ದರೆ ತಡ ಮಾಡದೇ 1930ಕ್ಕೆ ಫೋನ್ ಮಾಡಬೇಕು.

ಆಡಲಿಕ್ಕೆ ಬೇಕಾದ್ದು ಕಡಿಮೆ. ವಾಟ್ಸ್‌ಆ್ಯಪ್ ಗ್ರೂಪ್ ಕಾಲ್‌ನಲ್ಲಿ 32 ಜನರವರೆಗೆ ಸೇರಬಹುದು, ಆದರೆ ಈ ಆಟಕ್ಕೆ ನಾಲ್ಕೈದು ಜನ ಮೀರಿದರೆ ಗದ್ದಲ. ಬಟನ್ ಫೋನ್ ಇದ್ದವರು ಸಾದಾ ಕಾನ್ಫರೆನ್ಸ್ ಕಾಲ್‌ನಲ್ಲೂ ಬರಬಹುದು. ಪುಣೆ, ಗೋವಾ, ಬೆಂಗಳೂರಿಗೆ ದುಡಿಯಾಕ ಹೋದ ದೋಸ್ತರು, ರಾತ್ರಿ ಶಟರ್ ಇಳಿಸಿದ ಮ್ಯಾಲೆ ಅರ್ಧ ತಾಸು ಬಿಡುವಿರೋ ಅಂಗಡಿಕಾರರು ಒಂದೇ ಕಾಲ್‌ನಾಗ ಕೂಡಬಹುದು. ಕರೆಂಟ್ ಹೋದರೂ ಆಟ ನಿಲ್ಲೋದಿಲ್ಲ. ಒಬ್ಬರ ಹತ್ರ ಹಾಳಿ, ಪೆನ್ನು ಇರಲಿ, ಸುಳಿವು ಬರೆದಿಟ್ಟುಕೊಳ್ಳಲಿಕ್ಕೆ. ಮೊದಲ ಸಲ ಎರಡೇ ಬೀಗ ಸಾಕು. ಆಟ ನಡೆಸುವವ ಒಂದೊಂದು ಬೀಗಕ್ಕೂ ಮೂರು ಸಹಾಯದ ಮಾತು ಮೊದಲೇ ಬರೆದಿಟ್ಟುಕೊಂಡಿರಬೇಕು. ಇಲ್ಲಾಂದ್ರ ಎಲ್ಲರೂ ಸುಮ್ಮನಾದಾಗ ಅವನೇ ಉತ್ತರ ಹೇಳಿಬಿಡ್ತಾನೆ.