ಕಾಡು ಕಾಯುವ ಶಿಲೀಂಧ್ರ ಸರ್ಕಾರದ ಲೆಕ್ಕದಲ್ಲಿಲ್ಲ

ಮಳೆಕಾಡಿನಲ್ಲಿ ಇಷ್ಟೊಂದು ಬಗೆಯ ಮರಗಳು ಯಾಕಿವೆ? ಬಲಿಷ್ಠವಾದ ಒಂದೇ ಜಾತಿ ಇಡೀ ಕಾಡನ್ನು ಯಾಕೆ ಆಕ್ರಮಿಸಲ್ಲ?

1970ರಲ್ಲಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನೆಲ್ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು: ಶತ್ರುಗಳು. ಒಂದು ಜಾತಿಯನ್ನೇ ಕಾಡುವ ಕೀಟ, ರೋಗಗಳು ಆ ಮರದ ಬುಡದಲ್ಲೇ ಹೆಚ್ಚು. ಹಾಗಾಗಿ ತಾಯಿಮರದ ಕೆಳಗೆ ಬಿದ್ದ ಬೀಜ ಮೊಳೆತರೂ ಉಳಿಯೋದು ಕಷ್ಟ. ಆ ಜಾಗ ಬೇರೆ ಜಾತಿಗೆ ಸಿಗುತ್ತೆ. ಇಂಜಿನಿಯರಿಂಗ್ ಓದಿದ ನನ್ನ ಕಣ್ಣಿಗೆ ಇದು ನೆಗೆಟಿವ್ ಫೀಡ್‌ಬ್ಯಾಕ್: ಒಂದು ಜಾತಿ ಹೆಚ್ಚಾದಷ್ಟೂ ಅದಕ್ಕೆ ಬೀಳುವ ಹೊಡೆತವೂ ಹೆಚ್ಚು.

ಪುರಾವೆ? ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಡಿನಲ್ಲಿ ಸಂಶೋಧಕರು ಕೆಲವು ಕಡೆ ಶಿಲೀಂಧ್ರನಾಶಕ ಸಿಂಪಡಿಸಿದರು. 2014ರಲ್ಲಿ ಫಲಿತಾಂಶ ಪ್ರಕಟವಾಯ್ತು: ಔಷಧಿ ಬಿದ್ದ ಕಡೆ ಸಸಿಗಳ ವೈವಿಧ್ಯವೇ ಕುಸಿದಿತ್ತು.

ಇದು ರಾಜಕೀಯದ ಪ್ರಶ್ನೆಯೂ ಹೌದು. ನಮ್ಮಲ್ಲಿ ಕಾಡು ಕಡಿಯುವ ಯೋಜನೆ ಬಂದಾಗಲೆಲ್ಲ ‘ಬದಲಿಗೆ ಬೇರೆ ಕಡೆ ಗಿಡ ನೆಡ್ತೀವಿ’ ಅಂತಾರೆ. ಅದಕ್ಕೆಂದೇ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಿದೆ. ಆದರೆ ಸಾಲಾಗಿ ನೆಟ್ಟ ಸಸಿಗಳ ಜೊತೆ ಮರ, ಕೀಟ, ಶಿಲೀಂಧ್ರಗಳ ಈ ಹಳೇ ಜಗಳ ಬರಲ್ಲ. ಮುಂದಿನ ಸಲ ಸರ್ಕಾರ ಗಿಡಗಳ ಸಂಖ್ಯೆ ಹೇಳಿದಾಗ, ಅವು ಎಷ್ಟು ಜಾತಿಯವು, ಎಷ್ಟು ವರ್ಷ ಉಳಿದವು ಅಂತಲೂ ಕೇಳೋಣ.