ಕೂಳೆ ಜೋಳದ ವಿಷ

ಮನುಷ್ಯರನ್ನು ನುಂಗುವ ಮರವೊಂದು ಮಡಗಾಸ್ಕರದ ಕಾಡಿನಲ್ಲಿದೆ ಎಂದು 1874ರಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆ ಸುದ್ದಿ ಹಾಕಿತು. ಹೆಣ್ಣೊಬ್ಬಳನ್ನು ಬಲಿ ಕೊಟ್ಟರಂತೆ, ಮರದ ಎಲೆಗಳೇ ಮೇಲೆದ್ದು ಅವಳನ್ನು ಮುಚ್ಚಿಕೊಂಡವಂತೆ. ಪೂರಾ ಕಟ್ಟುಕತೆ. ಆದರೂ ನೂರೈವತ್ತು ವರ್ಷದಿಂದ ಅದಕ್ಕೆ ಸಾವಿಲ್ಲ. ಈಗಂತೂ ವಿಡಿಯೊ ವೇಷ ಹಾಕಿಕೊಂಡು ಊರೂರ ಮಕ್ಕಳ ಕೈಯ ಮೊಬೈಲಿಗೆ ಬಂದು ಕೂತಿದೆ. ಇಚಲಕರಂಜಿ ಪಕ್ಕದ ಶಹಾಪುರದಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದ ಹುಡುಗನೂ “ಮಂದೀನ ತಿನ್ನೂ ಗಿಡ ನಮ್ಮ ಕಡೆ ಅದಾವೇನ್ರಿ ಕಾಕಾ?” ಎಂದು ಕೇಳಿಯಾನು.

ಮಂದಿಯನ್ನು ತಿನ್ನುವುದು ಎಲ್ಲೂ ಇಲ್ಲ. ಹುಳ ತಿನ್ನುವುದು ಇದೆ, ಅದೂ ದೂರವೇನಲ್ಲ. ಕೊಲ್ಹಾಪುರ ದಾಟಿ ಪನ್ಹಾಳದ ಆಚೆ ಮಸಾಯಿ ಪಠಾರಕ್ಕೆ ಶ್ರಾವಣ, ಭಾದ್ರಪದದಲ್ಲಿ ಹೋದರೆ ಜಂಬಿಟ್ಟಿಗೆ ಬಂಡೆಯ ಮೇಲಿನ ತೇವದಲ್ಲಿ ನೀಲಿ ಹೂಗಳು ಹಾಸಿಕೊಂಡಿರುತ್ತವೆ. ಮರಾಠಿಗರು ‘ಸೀತೇಚಿ ಆಸವ’, ಅಂದರೆ ಸೀತೆಯ ಕಣ್ಣೀರು ಎಂದು ಕರೆಯುವ ಯುಟ್ರಿಕ್ಯುಲೇರಿಯಾ ಇದು. ಸಾತಾರೆಯ ಕಾಸ್ ಪಠಾರದಲ್ಲಿ ಇದಕ್ಕೆ ಜಾತ್ರೆಯಷ್ಟು ಜನ ಸೇರುತ್ತಾರೆ. 2012ರಲ್ಲಿ ಪಶ್ಚಿಮ ಘಟ್ಟದ ಜೊತೆಗೆ ಕಾಸ್ ಕೂಡ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎಲ್ಲರೂ ಹೂವಿನ ಫೋಟೊ ತೆಗೆದು ಬರುತ್ತಾರೆ. ನಿಜವಾದ ತಮಾಷೆ ಇರುವುದು ಕೆಳಗೆ, ನೀರು ಜಿನುಗುವ ಕೆಸರಿನಲ್ಲಿ. ಅಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಚೀಲಗಳಿವೆ. ಗಿಡ ಚೀಲದೊಳಗಿನ ನೀರನ್ನು ಹೊರಹಾಕಿ ಬಾಗಿಲು ಬಿಗಿದುಕೊಂಡು ಕಾಯುತ್ತದೆ. ಬಾಗಿಲ ಬಳಿಯ ಕೂದಲಿಗೆ ಸೂಕ್ಷ್ಮಜೀವಿಯೊಂದು ತಾಗಿದರೆ ಸಾಕು, ಬಾಗಿಲು ಒಳಮುಖವಾಗಿ ಬಿದ್ದು ನೀರಿನೊಂದಿಗೆ ಅದೂ ಒಳಗೆ. ಇಷ್ಟಾಗಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಡ ಎಂದು 2011ರಲ್ಲಿ ಅತಿವೇಗದ ಕ್ಯಾಮೆರಾ ಹಿಡಿದು ಅಳೆದವರು ತೋರಿಸಿದರು.

ಇಂಥ ಪಠಾರಗಳಲ್ಲೇ ಡ್ರಾಸೆರಾ ಸಿಗುತ್ತದೆ. ಮರಾಠಿಯಲ್ಲಿ ದವಬಿಂದು. ನೋಡಬೇಕೆಂದರೆ ಮೊಣಕಾಲೂರಿ ಕೂರಲೇಬೇಕು, ಅಷ್ಟು ಚಿಕ್ಕದು. ಎಲೆಯ ತುಂಬ ಕೆಂಪು ಕೂದಲು, ಒಂದೊಂದು ಕೂದಲ ತುದಿಗೂ ಅಂಟಿನ ಒಂದು ಹನಿ. ಮಧ್ಯಾಹ್ನದ ಬಿಸಿಲಿಗೂ ಅದು ಆರುವುದಿಲ್ಲ. ಸೊಳ್ಳೆಯಂಥ ಹುಳ ಬಂದು ಕೂತರೆ ಒಂದು ಕಾಲು ಎತ್ತುವಷ್ಟರಲ್ಲಿ ಇನ್ನೊಂದು ಅಂಟುತ್ತದೆ. ಅಕ್ಕಪಕ್ಕದ ಕೂದಲುಗಳು ಒಂದೊಂದಾಗಿ ಅದರ ಮೇಲೆ ಬಾಗುತ್ತವೆ, ಜೀರ್ಣರಸ ಸುರಿಯುತ್ತದೆ. ಈ ಗಿಡದ ಹಿಂದೆ ವರ್ಷಗಟ್ಟಲೆ ಬಿದ್ದಿದ್ದ ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಬೆರಳಿಟ್ಟು ನೋಡಿ, ಅಂಟು ಅಂಟು, ಅಷ್ಟೇ. ನಮ್ಮ ದೇಶದಲ್ಲಿ ಮೇಘಾಲಯದ ಕಡೆಗಷ್ಟೇ ಇರುವ ಹೂಜಿ ಗಿಡದಿಂದಲೂ ಮನುಷ್ಯನಿಗೆ ಭಯವಿಲ್ಲ. ಬೋರ್ನಿಯೊದ ದೊಡ್ಡ ಹೂಜಿಯಲ್ಲಿ ಎಲ್ಲೋ ಒಮ್ಮೆ ಇಲಿ ಬಿದ್ದು ಸತ್ತದ್ದುಂಟು. ಇವುಗಳ ಪರಾಕ್ರಮದ ಮೇರೆ ಅದು.

ಗಿಡವೊಂದು ಹುಳಕ್ಕೆ ಬಾಯಿ ಹಾಕುವುದು ಬಡತನಕ್ಕೆ. ಪಠಾರದ ತೆಳು ಮಣ್ಣಿನ ಸಾರಜನಕವನ್ನು ಮಳೆ ತೊಳೆದು ಒಯ್ದಿರುತ್ತದೆ. ಬಿಸಿಲುಂಟು, ನೀರುಂಟು, ಪ್ರೋಟೀನು ಕಟ್ಟಲು ಬೇಕಾದ ಸಾರಜನಕವೇ ಇಲ್ಲ. ಅದನ್ನು ಹುಳದ ಮೈಯಿಂದ ಹೀರಿಕೊಳ್ಳುತ್ತದೆ. ನಾವು ಯೂರಿಯಾ ಚೀಲಕ್ಕೆ ಸೊಸೈಟಿಯ ಮುಂದೆ ಸರದಿ ನಿಲ್ಲುವುದೂ ಇದೇ ಸಾರಜನಕಕ್ಕಾಗಿಯೇ.

ಈಗ ಪಠಾರ ಇಳಿದು ಪಂಚಗಂಗೆಯ ಬಯಲಿಗೆ ಬನ್ನಿ. ಇಲ್ಲಿನ ನೆಲಕ್ಕೆ ಬಡತನವಿಲ್ಲ, ಅಪಾಯದ ಗಿಡಗಳೆಲ್ಲ ಇರುವುದೂ ಇಲ್ಲೇ. ಬೇಲಿಯ ಕಣಗಿಲೆ, ದೇವಸ್ಥಾನದ ಹಳದಿ ಕಣಗಿಲೆ ಎರಡೂ ಎದೆಬಡಿತದ ತಾಳ ತಪ್ಪಿಸುತ್ತವೆ. ಇವುಗಳ ವಿಷದಲ್ಲಿ ಸಾರಜನಕದ ಒಂದು ಪರಮಾಣುವೂ ಇಲ್ಲ ಎಂಬುದನ್ನು ಗಮನಿಸಿ. ಹಾಗಾಗಿ ಎಂಥ ಕೊರಕಲು ನೆಲದಲ್ಲೂ ಗಿಡಕ್ಕೆ ಅದು ಅಗ್ಗ. ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು 2024ರ ಮೇ ತಿಂಗಳಲ್ಲಿ ನೈವೇದ್ಯ, ಪ್ರಸಾದದಿಂದ ಕಣಗಿಲೆ ಹೂವನ್ನು ಹೊರಗಿಟ್ಟವು. ನಮ್ಮ ಗುಡಿಗಳಲ್ಲೂ ಹೂವು ದೇವರ ತಲೆಯ ಮೇಲಿದ್ದರೆ ಸಾಕು, ಪ್ರಸಾದದ ತಟ್ಟೆಗೆ ಬೀಳುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿ ಇಲ್ಲಿಗೆ ಹತ್ತಿರ. ಹಳೆಯ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕದ ಬೊಟ್ಟಾಗಿದ್ದ ಗುಲಗಂಜಿಯೂ ಉಗ್ರ ವಿಷದ ಕಾಳೇ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯ ದೆಸೆಯಿಂದ ಹಾಗೇ ಹೊರಗೆ ಹೋಗುವುದುಂಟು. ಅಗಿದರೆ, ಒಡೆದರೆ ಕೆಟ್ಟಿತು. ಬದುವಿಗೆ ನೆಟ್ಟ ಜಟ್ರೋಫಾದ ಬೀಜ ಶೇಂಗಾದ ಹಾಗೆ ರುಚಿ ಎಂದು ಶಾಲೆಯ ಮಕ್ಕಳು ಗುಂಪಾಗಿ ತಿಂದು ವಾಂತಿಭೇದಿಯಾಗಿ ಆಸ್ಪತ್ರೆ ಸೇರುವುದು ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳಲ್ಲಿ ಆಗಾಗ ಕೇಳುವ ಸುದ್ದಿ.

ದಕ್ಷಿಣಕ್ಕೆ ನಿಪ್ಪಾಣಿ. ಬೀಡಿ ತಂಬಾಕಿನ ಸೀಮೆ. ನಿಕೋಟಿನ್ ಸಾರಜನಕದಿಂದಲೇ ಕಟ್ಟಿದ ವಿಷ, ಗಿಡ ಅದನ್ನು ಮಾಡಿಕೊಂಡಿದ್ದು ಹುಳಗಳಿಗೆಂದು. ಸೋಜಿಗವೆಂದರೆ ಅದು ಎಲೆಯಲ್ಲಿ ತಯಾರಾಗುವುದಿಲ್ಲ. ತಂಬಾಕಿನ ಬೇರಿಗೆ ಟೊಮ್ಯಾಟೊ ಕಸಿ ಕಟ್ಟಿದರೆ ಟೊಮ್ಯಾಟೊ ಎಲೆಯಲ್ಲಿ ನಿಕೋಟಿನ್ ಬಂತು. ಟೊಮ್ಯಾಟೊ ಬೇರಿಗೆ ತಂಬಾಕು ಕಟ್ಟಿದರೆ ತಂಬಾಕಿನ ಎಲೆ ಸಪ್ಪೆಯಾಯಿತು. 1942ರಲ್ಲಿ ಅಮೆರಿಕದ ರೇ ಡಾಸನ್ ಹೀಗೆ ಬೇರಿನ ಗುಟ್ಟು ಬಯಲು ಮಾಡಿದರು. ಕುಡಿ ಚಿವುಟಿದರೆ ಗಿಡ ತನ್ನನ್ನು ಯಾರೋ ಮೇಯುತ್ತಿದ್ದಾರೆಂದು ಇನ್ನಷ್ಟು ನಿಕೋಟಿನ್ ಮೇಲಕ್ಕೆ ಕಳಿಸುತ್ತದೆ. ಎಲೆ ಖಾರವಾಗಲೆಂದು ರೈತ ಕುಡಿ ಮುರಿಯುವುದು ಅದಕ್ಕೇ. ಇಬ್ಬನಿ ಬಿದ್ದ ಹಸಿ ಎಲೆಯನ್ನು ಬರಿಮೈಗೆ ಆನಿಸಿಕೊಂಡು ಕೊಯ್ದವರಿಗೆ ಚರ್ಮದ ಮೂಲಕವೇ ಅದು ಇಳಿದು ತಲೆ ತಿರುಗಿ, ವಾಂತಿಯಾಗುತ್ತದೆ. ಎಂದೂ ಬೀಡಿ ಸೇದದವರಿಗೆ ಇದು ಇನ್ನೂ ಜೋರು.

ಇವೆಲ್ಲ ವಿಷವೆಂದು ಗೊತ್ತಿರುವ ಗಿಡಗಳು. ನನಗೆ ಹೇಳಬೇಕಿರುವುದು ಜೋಳದ್ದು.

ಕಬ್ಬು ಈ ಭಾಗವನ್ನು ಆವರಿಸಿದ ಮೇಲೂ ದನಕ್ಕೆಂದು ಜೋಳ ಬಿತ್ತುವುದು ನಿಂತಿಲ್ಲ. ಹಸಿಮೇವಿಗೆ ಒತ್ತಾಗಿ ಬಿತ್ತಿದ್ದು ಕಡವಳ. ಒಮ್ಮೆ ಕೊಯ್ದ ಮೇಲೆ ಕೂಳೆ ಮತ್ತೆ ಚಿಗುರುತ್ತದೆ. ಮಳೆ ಕೈಕೊಟ್ಟರೆ ಆ ಚಿಗುರು ಗೇಣುದ್ದಕ್ಕೇ ನಿಂತು, ಎಲೆ ಸುರುಳಿ ಸುತ್ತಿಕೊಂಡು, ಕಡುಹಸಿರಾಗಿ ಮುದುಡಿಕೊಂಡಿರುತ್ತದೆ. ಆ ಹೊತ್ತಿನಲ್ಲಿ ಹಿರಿಯರು ದನ ಕಾಯುವ ಹುಡುಗನಿಗೆ ಹೇಳುವ ಮಾತು ಒಂದೇ: “ಕೂಳಿಗಿ ಎಮ್ಮಿ ಬಿಡಬ್ಯಾಡೋ ತಮ್ಮಾ.” ಬಿಟ್ಟರೆ ಕೆಲವೊಮ್ಮೆ ಕಾಲು ತಾಸೂ ಹಿಡಿಯುವುದಿಲ್ಲ. ಎಮ್ಮೆ ಏದುಸಿರು ಬಿಡುತ್ತದೆ, ಬಾಯಲ್ಲಿ ಜೊಲ್ಲು, ತೂರಾಡಿ ಬೀಳುತ್ತದೆ. ಮರಾಠಿ ರೈತರು ಇದಕ್ಕೆ ‘ಕಿರಾಳ ಲಾಗಣೆ’ ಎನ್ನುತ್ತಾರೆ. ದೃಷ್ಟಿಯಾಯಿತು ಎನ್ನುವವರೂ ಇದ್ದಾರೆ. ಕೊಂದದ್ದು ಸಯನೈಡ್.

ಜೋಳದ ಎಲೆಯಲ್ಲಿ ಧುರಿನ್ ಎಂಬ ವಸ್ತುವಿದೆ; 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಈಜಿಪ್ಟಿನ ಜೋಳದಲ್ಲಿ ಇದನ್ನು ಕಂಡುಹಿಡಿದರು. ಧುರಿನ್ ತಾನಾಗಿ ಏನೂ ಮಾಡದು. ಅದು ಎಲೆಯ ಹೊರಪದರದ ಕೋಶಗಳಲ್ಲಿದ್ದರೆ, ಅದನ್ನು ಒಡೆಯುವ ಕಿಣ್ವ ಒಳಪದರದಲ್ಲಿ. ಕಡ್ಡಿ ಒಂದು ಗೂಡಿನಲ್ಲಿ, ಪೆಟ್ಟಿಗೆ ಇನ್ನೊಂದು ಗೂಡಿನಲ್ಲಿ ಇಟ್ಟ ಹಾಗೆ. ದನ ಅಗಿದಾಗ ಎರಡೂ ಕೂಡಿ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಬ್ಯಾಕ್ಟೀರಿಯಾಗಳೂ ಈ ಕೆಲಸಕ್ಕೆ ಕೈಜೋಡಿಸುವುದರಿಂದ ಕುದುರೆಗಿಂತ ಎಮ್ಮೆಗೆ ಗಂಡಾಂತರ ಹೆಚ್ಚು. ಸಯನೈಡ್ ಜೀವಕೋಶದೊಳಗೆ ಆಮ್ಲಜನಕವನ್ನು ಬಳಸುವ ಕೊನೆಯ ಕಿಣ್ವವನ್ನು ಕಟ್ಟಿಹಾಕುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದೆ, ಕೋಶಕ್ಕೆ ಅದನ್ನು ಬಳಸಲು ಬಾರದು. ಹೀಗಾಗಿ ಕಪ್ಪಗಿರಬೇಕಾದ ಅಭಿಧಮನಿಯ ರಕ್ತವೂ ಚೆರ್ರಿಗೆಂಪಾಗಿರುತ್ತದೆ. ಪಶುವೈದ್ಯರು ಮೊದಲು ನೋಡುವುದೇ ಅದನ್ನು. ಬೇಗ ಬಂದರೆ ಸೋಡಿಯಂ ನೈಟ್ರೈಟ್ ಮತ್ತು ಥಯೋಸಲ್ಫೇಟ್ ಚುಚ್ಚಿ ಉಳಿಸಬಹುದು. ಮೊದಲನೆಯದು ಸಯನೈಡನ್ನು ಕಿಣ್ವದಿಂದ ಎಳೆದು ರಕ್ತದಲ್ಲಿ ಕಟ್ಟುತ್ತದೆ, ಎರಡನೆಯದು ಗಂಧಕ ಕೊಟ್ಟು ಮೂತ್ರದಲ್ಲಿ ಹೊರಹಾಕುತ್ತದೆ. ಕಷ್ಟ ಏನೆಂದರೆ ಡಾಕ್ಟರು ಬರುವಷ್ಟು ಹೊತ್ತು ಎಮ್ಮೆ ಇರಬೇಕು.

ಸಯನೈಡಿನಲ್ಲಿರುವುದು ಇಂಗಾಲ ಮತ್ತು ಸಾರಜನಕ. ಪಠಾರದ ಡ್ರಾಸೆರಾ ಯಾವುದಕ್ಕಾಗಿ ಹುಳ ಹಿಡಿಯಿತೋ ಅದೇ ವಸ್ತು ಇಲ್ಲಿ ಜೋಳಕ್ಕೆ ಹೆಚ್ಚಾಗಿ, ವಿಷವಾಗಿ ಎಲೆಯಲ್ಲಿ ಕೂತಿದೆ. ಯೂರಿಯಾ ಹಾಕಿದ್ದಾರೆ, ನೀರಿಲ್ಲ. ಗಿಡ ಬೆಳೆಯಲಾರದು, ಬೇರು ಹೀರಿದ ಸಾರಜನಕ ಹೋಗಲು ದಾರಿಯಿಲ್ಲ. ಮಳೆ ಬಂದು ಬೆಳೆದಾಗ ಗಿಡ ಧುರಿನ್ ಒಡೆದು ಆ ಸಾರಜನಕವನ್ನು ಬೆಳವಣಿಗೆಗೆ ಮತ್ತೆ ಬಳಸಿಕೊಳ್ಳಬಲ್ಲದು. ತೆನೆ ಬರುವ ಹೊತ್ತಿಗೆ ಎಲೆಯಲ್ಲಿ ವಿಷ ಇಳಿದಿರುತ್ತದೆ, ಬಲಿತ ಕಾಳಿನಲ್ಲಿ ಹೆಸರಿಗಷ್ಟೇ. ಹಾಗಾಗಿ ರೊಟ್ಟಿಯ ಬಗ್ಗೆ ದಿಗಿಲು ಬೇಡ. ಕೊಯ್ದು ಚೆನ್ನಾಗಿ ಒಣಗಿಸಿದರೆ ಸಯನೈಡ್ ಬಹುಪಾಲು ಆವಿಯಾಗಿ ಹೋಗುತ್ತದೆ. ಕಣಿಕೆ ತಿಂದು ದನ ಸಾಯದಿರುವುದು ಅದಕ್ಕೇ.

ಮೊಳಕೆಯ ಮಾತೇ ಬೇರೆ. ಹೆಸರು, ಮಡಕಿ ಮೊಳಕೆ ಕಟ್ಟಿದಂತೆ ಜೋಳವನ್ನೂ ಕಟ್ಟಿ ಹಸಿಯಾಗಿ ತಿನ್ನಿ ಎಂದು ಆರೋಗ್ಯದ ಹೆಸರಿನಲ್ಲಿ ಹೇಳುವವರು ಹುಟ್ಟಿಕೊಂಡಿದ್ದಾರೆ. ಕಾಳಿನಲ್ಲಿ ಹೆಸರಿಗಷ್ಟೇ ಇದ್ದ ಧುರಿನ್ ಮೊಳಕೆಯಲ್ಲಿ ದಿನ ದಿನಕ್ಕೂ ಏರುತ್ತದೆ. ಕತ್ತಲಲ್ಲಿ ಬೆಳೆದ ಎಳೆ ಸಸಿಯ ತುದಿಯಲ್ಲಿ ಒಣತೂಕದ ಶೇ 30ರಷ್ಟು ಇದೇ ಇರಬಲ್ಲದು. ಮೊದಲಿನವರು ಮೊಳೆಸಿದ ಜೋಳವನ್ನು ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹುರಿದೇ ಹಿಟ್ಟು ಮಾಡುತ್ತಿದ್ದರು. ಹಸಿ ಮೊಳಕೆ ಬೇಡ.

ವಿಷವೇ ಇಲ್ಲದ ಜೋಳವನ್ನು ಮಾಡಬಾರದೇಕೆ? ಮಾಡಿದ್ದಾರೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ ಮತ್ತು ಡೆನ್ಮಾರ್ಕಿನ ಸಂಶೋಧಕರು ಧುರಿನ್ ತಯಾರಿಕೆಯ ಮೊದಲ ಕಿಣ್ವವೇ ಕೆಟ್ಟ ತಳಿಯೊಂದನ್ನು 2012ರಲ್ಲಿ ಪ್ರಕಟಿಸಿದರು. ಅದರ ಎಳೆಗುಡಿಯನ್ನೂ ದನ ಮೇಯಬಹುದು, ಆದರೆ ಸಸಿಯಾಗಿದ್ದಾಗ ಬೆಳವಣಿಗೆ ಕೊಂಚ ನಿಧಾನ. ಮುಂದೆ ಇಂಥ ಜೋಳವನ್ನೂ ಮಾಮೂಲಿ ಜೋಳವನ್ನೂ ಎದುರಿಗಿಟ್ಟು ಅಮೆರಿಕದಲ್ಲಿ ಪರೀಕ್ಷೆ ಮಾಡಿದಾಗ ಫಾಲ್ ಸೈನಿಕ ಹುಳು ವಿಷವಿಲ್ಲದ್ದರ ಕಡೆಗೇ ಹೆಚ್ಚು ಒಲಿಯಿತು. ಆ ಹುಳು ಭಾರತಕ್ಕೆ ಬಂದದ್ದು 2018ರಲ್ಲಿ. ಮೊದಲು ಕಂಡದ್ದು ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ.